ಸೀತನಿಯ ದಿನಕ್ಕಾಗಿ ಕಾದವರು

ಹೊಸ್ತಿಲು ದಾಟುವ ಮೊದಲು ಅಮೋಘಸಿದ್ಧಪ್ಪನವರು ಅಂಗೈಯನ್ನು ಸೂರಿನಾಚೆ ಚಾಚಿ, ಹವೆಯ ಅಪ್ಪಣೆ ಕೇಳುವವರಂತೆ ಒಂದು ಗಳಿಗೆ ನಿಲ್ಲುತ್ತಿದ್ದರು. ಬಹಳ ಸಲ ಹಾಗೆಯೇ ಒಳಗೆ ಹೋಗಿಬಿಡುತ್ತಿದ್ದರು. ಮನಗೂಳಿಯಲ್ಲಿ ಅವರ ಎದುರು ಮನೆಯ ನಾನು ಚಳಿಗಾಲದ ಚಂಚಲತೆಯನ್ನು ಅವರ ಕರಿಯ ಕೋಟು ನೋಡಿಯೇ ಅರಿಯುತ್ತಿದ್ದೆ: ಬೆಳಗಿನ ಮಂಜಿನಲ್ಲಿ ಅದಕ್ಕೆ ಕುತ್ತಿಗೆಯವರೆಗೆ ಗುಂಡಿ, ನಡುಹಗಲಿನ ಸುಡುಬಿಸಿಲಿಗೆ ಅದು ಹೆಗಲ ಮೇಲೆ, ಸಂಜೆ ಎಲ್ಲಿಂದಲೋ ಬಂದ ಮಳೆಗೆ ತಲೆಯ ಮೇಲೆ. ಮೃದು ಮಾತಿನ, ಮೆಲುನಡಿಗೆಯ ಮನುಷ್ಯ. ಹವೆಯ ವಿಷಯದಲ್ಲಿ ಮಾತ್ರ ಹಟಮಾರಿ.

ಮುದ್ದೇಬಿಹಾಳದಲ್ಲಿದ್ದ ಅವರ ಅಕ್ಕ ಸುನಂದಾ, ತಾಯಿಯಿಲ್ಲದ ಅವರನ್ನು ಸಾಕಿ ಬೆಳೆಸಿದವರು. ವರ್ಷಕ್ಕೊಮ್ಮೆ ಅಕ್ಕನನ್ನು ಹೊಲಕ್ಕೆ ಕರೆಸಿ, ಎಳೆಯ ಜೋಳದ ತೆನೆಗಳನ್ನು ಸಗಣಿ ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿಬಿಸಿ ಸೀತನಿ ತಿನ್ನಿಸುವುದು ತಮ್ಮನ ವ್ರತ. ಅದಕ್ಕೆ ನಿರ್ಮಲವಾದ ಆಕಾಶ, ಹಿತವಾದ ಬಿಸಿಲು ಬೇಕೇ ಬೇಕು. ಕಳೆದ ಚಳಿಗಾಲದಲ್ಲಿ ಅಂಥ ದಿನ ಬೇಗ ಬರಲಿಲ್ಲ. ಮಂಜೆಂದು ಒಮ್ಮೆ, ಸೆಕೆಯೆಂದು ಒಮ್ಮೆ ಮುಂದೂಡಿದರು. "ಹವಾ ನೆಟ್ಟಗಾಗ್ಲಿ, ತಡಿಯಕ್ಕಾ" ಎಂದು ಫೋನಿನಲ್ಲಿ ಕೂಗುವುದು ನಮ್ಮ ಮನೆಗೂ ಕೇಳುತ್ತಿತ್ತು.

ಕಡೆಗೆ ಜಿಟಿಜಿಟಿ ಮಳೆಯ ಒಂದು ಮಧ್ಯಾಹ್ನ ಅಕ್ಕ ತಾವೇ ಬಸ್ಸಿಳಿದು ಬಂದರು. ಹೊಲ ಕೆಸರಾಗಿತ್ತು, ಕುಳ್ಳು ತೊಯ್ದಿದ್ದವು. ಮನೆಯ ಮುಂದಿನ ಕಟ್ಟೆಯ ಮೇಲೆಯೇ ತಮ್ಮ ರೇಗಿದರು:

"ಇಂಥಾ ಹವಾದಾಗ ಯಾಕ ಬಂದಿ? ಏನ್ ತಿನ್ನಸ್ಲಿ ನಿನಗ?"

"ಸೀತನಿ ಇರ್ಲಿ ಬಿಡೋ ಸಿದ್ಧಾ. ನಿನ್ನ ಮಾರಿ ನೋಡಿ ಹೋಗಬೇಕಂತ ಬಂದೇನಿ."

"ಬಿಸಲ ಬೀಳ್ಲಿ, ನಾನ ಬಂದು ಕರ್ಕೊಂಡ್ ಬರ್ತೇನಿ."

ತಮ್ಮ ಕೋಟನ್ನೇ ಆಕೆಗೆ ಹೊದಿಸಿ, ಮುಂದಿನ ಬಸ್ಸಿಗೇ ಹತ್ತಿಸಿ ಬಂದರು.

ಮೋಡ ಕವಿಯುತ್ತ ಚದುರುತ್ತ ಎರಡು ವಾರ ಕಳೆದವು. ತಮ್ಮ ಇನ್ನೂ ಆಕಾಶ ನೋಡುತ್ತಿದ್ದಾಗಲೇ ಅಕ್ಕ ಹೃದಯಾಘಾತದಿಂದ ತೀರಿಕೊಂಡರು. ಆಕೆಯ ಎದೆ ಬಹಳ ದುರ್ಬಲವಾಗಿದೆಯೆಂದು ವೈದ್ಯರು ಮೊದಲೇ ಎಚ್ಚರಿಸಿದ್ದರೆಂಬುದು, ಆ ಮಳೆಯಲ್ಲಿ ಆಕೆ ಬಂದದ್ದು ಅದಕ್ಕೇ ಎಂಬುದು ಇವರಿಗೆ ತಿಳಿದದ್ದು ಅಂತ್ಯಕ್ರಿಯೆಯ ದಿನ.

ಮಣ್ಣು ಮಾಡಿ ಬಂದ ಮರುದಿನ ಆಕಾಶ ತೊಳೆದಿಟ್ಟಂತೆ ತಿಳಿಯಾಗಿತ್ತು. ಅವರು ಹೊಲಕ್ಕೆ ನಡೆದರು; ನಾನೂ ಹಿಂದೆ ಹೋದೆ. ತೆನೆಯೊಂದನ್ನು ಮುರಿದು, ಅಂಗೈಯಲ್ಲಿ ತಿಕ್ಕಿ, ಕಾಳು ಬಾಯಿಗೆ ಹಾಕಿಕೊಂಡರು.

"ಕಾಳು ಬಲ್ತು ಬಿಟ್ಟಾವ್ರಿ" ಎಂದರು. ತೆನೆಯನ್ನು ಬದುವಿನ ಮೇಲಿಟ್ಟು, "ಅಕ್ಕನ್ನ ಒಳಗ ಕರ್ದು ಒಂದ್ ಕಪ್ ಚಾ ಕೊಟ್ಟಿದ್ರೂ ಸಾಕಿತ್ರಿ."

ಇಂಥವರ ಪ್ರೀತಿಯಲ್ಲಿ ಎಳ್ಳಷ್ಟೂ ಕೊರತೆಯಿರುವುದಿಲ್ಲ. ತಮ್ಮವರಿಗೆ ಕೊಡುವುದು ಕುಂದಿಲ್ಲದ್ದೇ ಆಗಿರಬೇಕೆಂಬ ಹಂಬಲದಲ್ಲಿ, ಬಾಗಿಲಿಗೆ ಬಂದವರನ್ನು ಇನ್ನೊಂದು ದಿನಕ್ಕೆಂದು ಕಳಿಸಿಬಿಡುತ್ತಾರೆ. ಬಂದವರಿಗೆ ಬೇಕಾಗಿದ್ದುದು ಎಷ್ಟು ಕಡಿಮೆಯೆಂಬುದು ಇವರಿಗೆ ಗೊತ್ತಾಗುವ ವೇಳೆಗೆ, ಅಷ್ಟನ್ನು ಪಡೆಯಲೂ ಅವರು ಉಳಿದಿರುವುದಿಲ್ಲ.