ಮೂಗಣ್ಣನ ಹಸಿರು ಗುರುತು

ಬೆಳಗ್ಗೆ ಎಂಟಕ್ಕೆ ಲಿಸ್ಟಕ್ಕ ಕಂಪ್ಯೂಟರ್ ಆನ್ ಮಾಡಿದರೆ ಪರದೆ ತುಂಬ ಹಸಿರು. ಎಡಕ್ಕೆ ಹನ್ನೊಂದು ಟೆಕ್ನಿಷಿಯನ್‌ಗಳ ಹೆಸರು, ಮೇಲಕ್ಕೆ ಕೆಲಸಗಳ ಸಾಲು: ಒಲೆ ರಿಪೇರಿ, ಗೀಸರ್ ಜೋಡಣೆ, ಪೈಪ್ ಬದಲಾವಣೆ, ಸೋರಿಕೆ ಪತ್ತೆ. ಯಾರಿಗೆ ಯಾವ ಕೆಲಸ ಬರುತ್ತದೋ ಅವರ ಹೆಸರಿನ ಮುಂದೆ ಆ ಚೌಕದಲ್ಲಿ ಹಸಿರು ಗುರುತು. ಸರ್ಟಿಫಿಕೇಟಿನ ಗಡುವು ಮುಗಿದರೆ ಗುರುತು ತಾನಾಗಿಯೇ ಕೆಂಪಾಗುತ್ತದೆ. ಕೆಂಪಾದವನಿಗೆ ಆ ಕೆಲಸವನ್ನು ಸಾಫ್ಟ್‌ವೇರ್ ಕೊಡುವುದಿಲ್ಲ, ನೀವು ತಲೆಕೆಳಗಾಗಿ ನಿಂತರೂ ಕೊಡುವುದಿಲ್ಲ.

ಮನೆಮನೆಗೆ ಹೋಗಿ ಗ್ಯಾಸ್ ಒಲೆ, ಗೀಸರ್ ನೋಡುವ ಆ ಸಣ್ಣ ಕಂಪನಿಯಲ್ಲಿ ಕೆಲಸ ಹಂಚುವುದು ಅವಳ ಜವಾಬ್ದಾರಿ. ದಿನದ ಲಿಸ್ಟು ಅವಳ ಕೈಯಿಂದ ಹೋಗುವುದರಿಂದ ಅವಳು ಎಲ್ಲರಿಗೂ ಲಿಸ್ಟಕ್ಕ. ಈ ಕೆಲಸ ಕೊಡಿಸಿದ್ದು ಅವಳ ಸೋದರಮಾವ, ಕಂಪನಿಯಲ್ಲೇ ಹಳಬ. ಅವರನ್ನು ಎಲ್ಲರೂ ಕರೆಯುವುದು ಮೂಗಣ್ಣ ಎಂದು. ಒಮ್ಮೆ ಯಾವುದೋ ಕಟ್ಟಡದ ಮೆಟ್ಟಿಲ ಬುಡದಲ್ಲಿ ನಿಂತು, ಗಾಳಿಗೆ ಮುಖ ಎತ್ತಿ, "ಮೂರನೇ ಮಹಡಿ, ಎಡಗಡೆ ಬಾಗಿಲು" ಅಂದರಂತೆ. ಹೋಗಿ ನೋಡಿದರೆ ಅಲ್ಲೇ ಸೋರಿಕೆ. ಅಂದಿನಿಂದ ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿಯಿತು.

ಈ ಸಾಫ್ಟ್‌ವೇರ್ ಬಂದಾಗ ಹುಡುಗರೆಲ್ಲ ಬೆದರಿದ್ದರು. ಆಫೀಸಿನಲ್ಲಿ ಕೂತವರು ಯಾರಿಗೆ ಬೇಕೋ ಅವರಿಗೆ ಹಸಿರು ಹಾಕಿ, ಆಗದವರಿಗೆ ಕೆಂಪು ಹಾಕಿದರೆ ಕೇಳುವವರು ಯಾರು? ಆಗ ಮೂಗಣ್ಣ ಎದ್ದು ನಿಂತು ಹೇಳಿದ್ದರು: "ಸರ್ಟಿಫಿಕೇಟ್ ನೋಡ್ಲಿ, ಪರೀಕ್ಷೆ ಮಾಡ್ಲಿ. ಆದ್ರೆ ಹಸಿರು ಹಾಕೋ ಗುಂಡಿ ಒತ್ತೋದು ನಾವೇ. ನನ್ನ ಗುರುತು ಅಂದ್ರೆ ನಾನು ಕೊಟ್ಟ ಮಾತು. ನನ್ನ ಮಾತು ಇನ್ನೊಬ್ಬರು ಆಡೋಕಾಗಲ್ಲ." ಅದೇ ಪದ್ಧತಿಯಾಯಿತು. ಹೊಸ ಅರ್ಹತೆ ಬಂದವನು ಕೈ ತೊಳೆದುಕೊಂಡು ಬಂದು, ಅವಳ ಕುರ್ಚಿಯ ಪಕ್ಕ ನಿಂತು, ತಾನೇ ಗುಂಡಿ ಒತ್ತುತ್ತಾನೆ. ಉಳಿದವರು ಚಪ್ಪಾಳೆ ತಟ್ಟುತ್ತಾರೆ.

ಸೋರಿಕೆ ಪತ್ತೆಯ ಗುರುತಿಗೆ ಮಾತ್ರ ವರ್ಷಕ್ಕೊಮ್ಮೆ ಪರೀಕ್ಷೆ. ಮೂರು ಸಣ್ಣ ಸೀಸೆ, ಎರಡರಲ್ಲಿ ಬರೀ ನೀರು, ಒಂದರಲ್ಲಿ, ಸೋರಿದರೆ ಗೊತ್ತಾಗಲೆಂದು ಗ್ಯಾಸಿಗೆ ಸೇರಿಸುವ ಆ ಕೊಳೆತ ವಾಸನೆ. ಕಣ್ಣು ಮುಚ್ಚಿ ಯಾವುದೆಂದು ಹೇಳಬೇಕು. ಹೋದ ವರ್ಷ ಪರೀಕ್ಷೆಯ ವಾರ ಮೂಗಣ್ಣ ಜ್ವರ ಬಂದು ಮಲಗಿದ್ದರು. ಗಡುವು ಮುಗಿಯಲು ಒಂದೇ ದಿನ ಇತ್ತು. "ಮೂಗಣ್ಣನ ಮೂಗಿಗೆ ಪರೀಕ್ಷೆಯಾ? ಸೂರ್ಯನಿಗೆ ಟಾರ್ಚ್ ಹಿಡಿದ ಹಾಗಾಯ್ತು!" ಎಂದು ಯಾರೋ ನಕ್ಕರು. ಅವಳೂ ನಕ್ಕಳು. ನಕ್ಕು, ಮಾವನ ಗುಂಡಿಯನ್ನು ತಾನೇ ಒತ್ತಿದಳು.

ಅದು ಹನ್ನೊಂದು ತಿಂಗಳ ಹಿಂದಿನ ಮಾತು.

ಇವತ್ತು ಹತ್ತು ಗಂಟೆಗೆ ಉದ್ದಣ್ಣ ಒಳಗೆ ಬಂದ. ಬಾಗಿಲಿಗೆ ತಲೆ ತಾಗದಂತೆ ಬಗ್ಗಿ ಬರುವ ಆಳು, ಮೂಗಣ್ಣನ ಹತ್ತಿರವೇ ಕೆಲಸ ಕಲಿತವನು. ಸಾಮಾನ್ಯವಾಗಿ ಬರುತ್ತಲೇ ಏನಾದರೂ ಚೇಷ್ಟೆ ಮಾಡುವವನು ಇವತ್ತು ಕುರ್ಚಿ ಎಳೆದುಕೊಂಡು ಸುಮ್ಮನೆ ಕೂತ.

"ಏನಪ್ಪಾ, ಮುಖ ಯಾಕೆ ಹೀಗಿದೆ? ಹೆಂಡ್ತಿ ತವರಿಂದ ವಾಪಸ್ ಬಂದ್ರಾ?"

"ತಮಾಷೆ ಬೇಡ ಲಿಸ್ಟಕ್ಕ. ನಿನ್ನೆ ಸಂಜೆ ಆ ಅಜ್ಜಿ ಮನೆಗೆ ಕಳಿಸಿದ್ದೆಯಲ್ಲ, ವಾಸನೆ ಇನ್ನೂ ಬರ್ತಿದೆ ಅಂತ ಎರಡನೇ ಸಲ ಫೋನ್ ಮಾಡಿದ್ರಲ್ಲ?"

"ಹೂಂ."

"ಬಾಗಿಲು ತೆಗೀತಿದ್ದ ಹಾಗೇ ಮೂಗಿಗೆ ಬಡೀತು. ಒಲೆ ಹಿಂದಿನ ವಾಲ್ವು. ಸರಿ ಮಾಡ್ಬಿಟ್ಟು ಬಂದೆ, ಯಾರಿಗೂ ಏನೂ ಆಗಿಲ್ಲ." ಅವನು ದನಿ ಇಳಿಸಿದ. "ಮೊದಲನೇ ಸಲ ಹೋಗಿದ್ದು ಮೂಗಣ್ಣ. 'ವಾಸನೆ ಇಲ್ಲ' ಅಂತ ಬರೆದು ಜಾಬ್ ಮುಚ್ಚಿದಾರೆ. ನಾನೇನು ಬರೀಲಿ? ನೀನೇ ಹೇಳು."

"ಎಷ್ಟು ದಿನದಿಂದ ಸೋರ್ತಿತ್ತು?"

"ಅಜ್ಜಿ ಹೇಳೋ ಪ್ರಕಾರ ಒಂದು ವಾರ. ಕಿಟಕಿ ತೆಗೆದಿಟ್ಟುಕೊಂಡಿದ್ರಂತೆ, ಪುಣ್ಯಕ್ಕೆ."

"ಇದ್ದದ್ದು ಇದ್ದ ಹಾಗೆ ಬರಿ," ಅಂದಳು ಅವಳು.

ಅವನು ಹೋದ ಮೇಲೆ ಮಾವನ ಹಳೆಯ ಜಾಬ್‌ಗಳನ್ನು ತೆರೆದಳು. ಸೋರಿಕೆ ಹುಡುಕಲು ಮೊದಲು ನಲವತ್ತು ನಿಮಿಷ ಸಾಕಾಗುತ್ತಿತ್ತು. ಈಗ ಎಪ್ಪತ್ತು, ಎಂಬತ್ತು. ವಯಸ್ಸಾಯಿತು, ಮೆಟ್ಟಿಲು ಹತ್ತುವುದು ತಡ ಎಂದುಕೊಂಡಿದ್ದಳು. ಲೆಕ್ಕ ಹಾಕಿದರೆ ಅದೂ ಹನ್ನೊಂದು ತಿಂಗಳಿಂದಲೇ. ಮಾವನನ್ನು ನೇರವಾಗಿ ಕೇಳಬಹುದಿತ್ತು. ಆದರೆ ತಾನು ಕೇಳಿದರೆ ಅವರು ನಗುತ್ತಾರೆ, ಅವರು ನಕ್ಕರೆ ತಾನು ನಂಬುತ್ತೇನೆ. ತನ್ನನ್ನು ತಾನು ಅಷ್ಟು ಬಲ್ಲಳು.

ಪರೀಕ್ಷೆಯ ಕಪಾಟಿನಿಂದ ಆ ವಾಸನೆಯ ಸೀಸೆ ತಂದಳು. ಮುಚ್ಚಳ ತೆಗೆದು, ಮೇಜಿನ ಮೇಲೆ ಫೈಲುಗಳ ಹಿಂದೆ ಇಟ್ಟು, ಮಾವನಿಗೆ ಫೋನ್ ಮಾಡಿದಳು. "ಒಂದು ನಿಮಿಷ ಬಂದು ಹೋಗಿ ಮಾವ, ಒಂದು ಸಹಿ ಬೇಕು."

ಹತ್ತು ನಿಮಿಷದಲ್ಲಿ ಬಂದರು. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಗ್ಯಾಸ್ ಪತ್ತೆಯ ಮೀಟರು, ಕೈಯಲ್ಲಿ ಸೋರುವ ಕಡೆ ಗುಳ್ಳೆ ಏಳಿಸುವ ಸೋಪಿನ ನೀರಿನ ಬಾಟಲಿ. ಮೇಜಿಗೆ ಎರಡಡಿ ದೂರದಲ್ಲಿ ಕೂತರು.

"ಏನ್ ಪುಟ್ಟಿ, ಇವತ್ತು ನಾಲ್ಕೇ ಜಾಬು ಕೊಟ್ಟಿದೀಯ? ಮಾವ ಮುದುಕ ಆದ ಅಂತಾನಾ?"

"ಹಾಗೇನಿಲ್ಲ. ಅತ್ತೆ ಹೇಗಿದಾರೆ?"

"ಅವಳಿಗೇನು, ನನ್ನನ್ನ ಬಯ್ಯೋ ಅಷ್ಟು ಶಕ್ತಿ ಇನ್ನೂ ಇದೆ." ಮಾವ ನಕ್ಕರು. ಅವಳು ಬಗ್ಗಿಸಿಕೊಟ್ಟ ಚಹಾ ಲೋಟ ಎತ್ತಿಕೊಂಡರು. ಪಕ್ಕದ ಮೇಜಿನಲ್ಲಿ ಫೋನ್ ಎತ್ತುವ ಹುಡುಗಿ ಕರವಸ್ತ್ರ ತೆಗೆದು ಮೂಗಿಗೆ ಹಿಡಿದಳು, ಆಮೇಲೆ ಕೆಮ್ಮುತ್ತ ಎದ್ದು ಹೊರಗೆ ಹೋದಳು. ಮಾವ ಅವಳ ಕಡೆ ನೋಡಿ, "ಪಾಪ, ನೆಗಡಿ ಇರಬೇಕು," ಅಂದು ಇನ್ನೊಂದು ಗುಟುಕು ಕುಡಿದರು.

ಆ ವಾಸನೆಗೆ ಲಿಸ್ಟಕ್ಕನಿಗೂ ತಲೆ ಸುತ್ತುತ್ತಿತ್ತು. ಎದುರಿಗೆ ಕೂತ ಮನುಷ್ಯ ಅವಳನ್ನು ಹೆಗಲ ಮೇಲೆ ಹೊತ್ತು ಶಾಲೆಗೆ ಬಿಟ್ಟವರು. ಅವರಿಗೆ ಬೋನು ಇಟ್ಟಿದ್ದೇನಲ್ಲ ಎಂದು ನಾಚಿಕೆಯಾಗಿ ತಲೆ ತಗ್ಗಿಸಿದಳು. ಮಾವನ ಕಣ್ಣು ಹೊರಗೆ ಹೋದ ಹುಡುಗಿಯ ಖಾಲಿ ಕುರ್ಚಿಗೆ ಹೋಯಿತು, ಅಲ್ಲಿಂದ ಫೈಲುಗಳಿಗೆ, ಅಲ್ಲಿಂದ ಫೈಲುಗಳ ಹಿಂದೆ ಮಿನುಗುತ್ತಿದ್ದ ಸೀಸೆಗೆ.

ಲೋಟ ಕೆಳಗಿಟ್ಟರು.

"ಮುಚ್ಚಳ ಹಾಕು ಪುಟ್ಟಿ," ಅಂದರು ಮೆಲ್ಲಗೆ. "ಬೇರೆಯವರಿಗೆ ತಲೆನೋವು ಬರುತ್ತೆ."

ಅವಳು ಮುಚ್ಚಳ ಹಾಕಿದಳು.

"ಯಾವಾಗಿಂದ ಮಾವ?"

"ಆ ಜ್ವರ ಬಿಟ್ಟಾಗಿಂದ. ಇವತ್ತು ಬರುತ್ತೆ, ನಾಳೆ ಬರುತ್ತೆ ಅಂತ ಕಾದೆ. ನಿಮ್ಮತ್ತೆ ಊಟಕ್ಕೆ ಬಡಿಸಿ ಹೇಗಿದೆ ಅಂತ ಕೇಳ್ತಾಳೆ. ಚೆನ್ನಾಗಿದೆ ಅಂತೀನಿ. ಮಣ್ಣು ತಿಂದ ಹಾಗಿರುತ್ತೆ." ಅಂಗೈ ನೋಡಿಕೊಂಡರು. "ಅವಳಿಗೂ ಹೇಳಿಲ್ಲ. ಹೇಳಿದ್ರೆ ನಿಜ ಆಗ್ಬಿಡುತ್ತೆ ಅನ್ನೋ ಭಯ."

"ಕೆಲಸ ಹೇಗೆ ಮಾಡ್ತಿದ್ರಿ?"

"ಮೀಟರ್ ಇದೆ, ಸೋಪಿನ ನೊರೆ ಇದೆ ಅಂದ್ಕೊಂಡೆ. ಪೈಪಿನ ಪ್ರತಿ ಜಾಯಿಂಟಿಗೂ ಎರಡೆರಡು ಸಲ ನೊರೆ ಹಚ್ಚಿದೆ. ಆದ್ರೆ ಮೀಟರು ಹಿಡಿದ ಕಡೆ ಮಾತ್ರ ಹೇಳುತ್ತೆ. ಎಲ್ಲಿ ಹಿಡೀಬೇಕು ಅಂತ ಮೂಗು ಹೇಳಬೇಕು." ತಟ್ಟನೆ ತಲೆ ಎತ್ತಿದರು. "ಯಾವ ಮನೆ?"

ಅವಳು ಹೇಳಿದಳು. ಮಾವ ಕಣ್ಣು ಮುಚ್ಚಿದರು. "ಒಲೆ ಹಿಂದೆ ಕೈ ಹೋಗಲಿಲ್ಲ. ಸರಿಸಬೇಕಿತ್ತು. ಅಜ್ಜಿ 'ಬರ್ತಿದೆ ಕಣಪ್ಪಾ' ಅಂತಿದ್ರು. ನಿಮಗೆ ಭ್ರಮೆ ಅಜ್ಜಿ ಅಂದೆ. ನಾನು ಅಂದೆ, ಪುಟ್ಟಿ."

ಹೊರಗೆ ಯಾರೋ ವ್ಯಾನಿನ ಬಾಗಿಲು ದಢಾರನೆ ಹಾಕಿದರು. ಇಬ್ಬರೂ ಬೆಚ್ಚಿದರು.

"ತಪ್ಪು ನಂದೂ ಇದೆ," ಅಂದಳು ಅವಳು. "ಹೋದ ವರ್ಷ ನಿಮ್ಮ ಗುಂಡಿ ನಾನೇ ಒತ್ತಿದೆ. ಪರೀಕ್ಷೆ ಇಲ್ಲದೆ."

"ಗೊತ್ತಿತ್ತು. ವಾಪಸ್ ಬಂದು ನೋಡಿದಾಗ ಹಸಿರಿತ್ತು. ನಾನು ಒತ್ತಿರಲಿಲ್ಲ ಅಂತ ನನಗೆ ಗೊತ್ತಿರಲ್ವಾ? ಬೇರೆ ಯಾರಿಗಾದ್ರೂ ಹಾಗೆ ಮಾಡಿದ್ರೆ ಊರು ಒಂದು ಮಾಡ್ತಿದ್ದೆ. ಬಾಯಿ ಮುಚ್ಕೊಂಡೆ. ಆ ಹಸಿರು ನನಗೆ ಬೇಕಿತ್ತು." ಆಮೇಲೆ, "ನಿನ್ನ ಹೆಸರು ಎಲ್ಲೂ ಬರೀಬೇಡ. ನಾನು ಸುಳ್ಳು ಹೇಳಿ ಒತ್ತಿಸಿದೆ ಅಂತ ಬರಿ. ನಿನಗಿನ್ನೂ ವಯಸ್ಸಿದೆ," ಅಂದರು.

"ಆಗಲ್ಲ ಮಾವ. ಆ ದಿನ ಗುಂಡಿ ಒತ್ತಿದ್ದು ನಾನು ಅಂತ ಸಾಫ್ಟ್‌ವೇರಿನಲ್ಲೇ ಇದೆ. ಇರದಿದ್ರೂ ಆಗಲ್ಲ."

ಮಾವ ಎದ್ದು ಹೋಗಿ ನಲ್ಲಿಯಲ್ಲಿ ಕೈ ತೊಳೆದುಕೊಂಡು ಬಂದರು, ಹೊಸ ಗುರುತು ಪಡೆಯಲು ಬರುವವರ ಹಾಗೆಯೇ. ಅಂಗಿಯ ತುದಿಗೆ ಒರೆಸಿಕೊಂಡು ಅವಳ ಕುರ್ಚಿಯ ಪಕ್ಕ ನಿಂತರು.

"ತೆಗಿ ಆ ಪುಟ."

ತೆಗೆದಳು. ಸೋರಿಕೆ ಪತ್ತೆ. ಮಾವನ ಹೆಸರು. ಹಸಿರು. 'ಅರ್ಹತೆ ರದ್ದು ಮಾಡಬೇಕೆ?' ಎಂದು ಪರದೆ ಕೇಳಿತು. ಮಾವನ ಬೆರಳು ಗುಂಡಿಯ ಮೇಲೆ ನಿಂತಿತು. ಮೂವತ್ತೊಂದು ವರ್ಷ ನಟ್ಟು ತಿರುಗಿಸಿ ಉಗುರು ದಪ್ಪಗಾದ ಬೆರಳು.

ಒತ್ತಿದರು.

ಚೌಕ ಕೆಂಪಾಯಿತು. ಮರುಕ್ಷಣ ಅವರ ಜೇಬಿನ ಫೋನು ಟಣ್ ಎಂದಿತು. ಮತ್ತೆ ಟಣ್. ಇನ್ನೂ ಎರಡು ಸಲ. ಇವತ್ತಿನ ನಾಲ್ಕೂ ಸೋರಿಕೆ ಪತ್ತೆಯ ಕೆಲಸಗಳನ್ನು ಸಾಫ್ಟ್‌ವೇರ್ ಅವರಿಂದ ಕಿತ್ತು ಬೇರೆಯವರಿಗೆ ಹಂಚಿತ್ತು. ಮಾವ ಫೋನ್ ತೆಗೆದು ನೋಡಲಿಲ್ಲ.

ಇಬ್ಬರೂ ಎದ್ದು ಮ್ಯಾನೇಜರ್ ಹತ್ತಿರ ಹೋದರು. ಅವರು ಇಬ್ಬರ ಮಾತನ್ನೂ ಕೇಳಿದರು. ಬಯ್ಯಲಿಲ್ಲ. ಬಯ್ದಿದ್ದರೆ ಅವಳಿಗೆ ಹಗುರಾಗುತ್ತಿತ್ತು. "ಇನ್ಮೇಲೆ ಅರ್ಹತೆಯ ಪುಟ ನಿಮ್ಮ ಕೈಯಲ್ಲಿರಲ್ಲ," ಎಂದರು ಅವಳಿಗೆ. ಮಾವನ ಕಡೆ ತಿರುಗಿ ಏನೋ ಹೇಳಲು ಹೋಗಿ, ತನಗೂ ಕೆಲಸ ಕಲಿಸಿದ್ದು ಇದೇ ಮನುಷ್ಯ ಎಂದು ನೆನಪಾಯಿತೋ ಏನೋ, ಕನ್ನಡಕ ತೆಗೆದು ಒರೆಸಿದರು. "ಒಬ್ಬರೇ ಯಾವ ಮನೆಗೂ ಹೋಗೋ ಹಾಗಿಲ್ಲ, ಅಣ್ಣ. ಮುಂದಿನದು ನಾನು ಮೇಲಿನವರನ್ನ ಕೇಳಬೇಕು. ಏನಂತಾರೋ ಗೊತ್ತಿಲ್ಲ."

"ಅದು ಆಮೇಲೆ," ಅಂದರು ಮಾವ. "ಮೊದಲು, ಈ ಹನ್ನೊಂದು ತಿಂಗಳಲ್ಲಿ ನಾನು 'ವಾಸನೆ ಇಲ್ಲ' ಅಂತ ಮುಚ್ಚಿದ ಮನೆ ಎಷ್ಟಿದೆ, ತೆಗೀರಿ."

ನೂರಾ ಹದಿಮೂರು ಮನೆ. ಲಿಸ್ಟಕ್ಕ ಪಟ್ಟಿಯನ್ನು ಪ್ರಿಂಟ್ ಮಾಡಿದಳು.

ಮಾವ ಅವಳ ಮೇಜಿನ ಎದುರಿಗೆ ಕೂತು, ಪೆನ್ಸಿಲ್ ಹಿಡಿದು, ಒಂದೊಂದೇ ಸಾಲು ಓದಿದರು. ಸಾಫ್ಟ್‌ವೇರಿನಲ್ಲಿ ಇದ್ದದ್ದು ಬರೀ ವಿಳಾಸ. ಮಾವನಿಗೆ ಅಡುಗೆಮನೆಗಳೇ ನೆನಪಿದ್ದವು. "ಇದು ಮೊದಲು, ಇಲ್ಲಿ ಕಿಟಕಿನೇ ಇಲ್ಲ. ಇಲ್ಲಿ ಹಳೇ ರಬ್ಬರ್ ಪೈಪು. ಇಲ್ಲಿ ಕೂಸಿದೆ, ಕೂಸು ಮಲಗೋದು ಅಡುಗೆಮನೆ ಪಕ್ಕದಲ್ಲಿ, ಇದನ್ನ ಮೇಲೆ ಹಾಕು. ಇದು ಕೊನೆಗೆ ಹೋದ್ರೂ ನಡೆಯುತ್ತೆ, ಆ ಮನೆ ಜರಡಿ ಇದ್ದ ಹಾಗೆ, ಎಲ್ಲ ಕಡೆ ಗಾಳಿ." ಅವಳು ಬರೆದುಕೊಂಡಳು. ಮಧ್ಯಾಹ್ನದ ಊಟಕ್ಕೆ ಇಬ್ಬರೂ ಏಳಲಿಲ್ಲ.

ಮೂರು ಗಂಟೆಗೆ ಉದ್ದಣ್ಣ ವ್ಯಾನ್ ತಂದು ಬಾಗಿಲಲ್ಲಿ ನಿಲ್ಲಿಸಿದ. ವಿಷಯ ಅವನಿಗೆ ಗೊತ್ತಾಗಿತ್ತು. ಮಾವನ ಮುಖ ನೋಡಲಾರದೆ ಸ್ಟೀರಿಂಗನ್ನೇ ನೋಡುತ್ತ, "ಬನ್ನಿ ಗುರುಗಳೇ, ಮೂಗು ನಂದು, ದಾರಿ ನಿಮ್ದು," ಅಂದ.

"ಮುಚ್ಕೊಂಡು ಗಾಡಿ ಓಡಿಸು," ಅಂದರು ಮಾವ. ಸೋಪಿನ ಬಾಟಲಿ ಹಿಡಿದು ಪಕ್ಕದ ಸೀಟಿನಲ್ಲಿ ಕೂತರು.

ಐದೂವರೆಗೆ ಉದ್ದಣ್ಣನ ಫೋನ್ ಬಂತು. ನಾಲ್ಕನೇ ಮನೆ. ಕಿಟಕಿ ಇಲ್ಲದ ಇನ್ನೊಂದು ಅಡುಗೆಮನೆ. "ಸಿಕ್ತು ಲಿಸ್ಟಕ್ಕ. ಸಣ್ಣದು. ಸರಿ ಮಾಡಿದೀವಿ."

"ಮಾವ ಹೇಗಿದಾರೆ?"

"ಮನೆಯವರ ಹತ್ತಿರ ನಿಂತು ಕ್ಷಮೆ ಕೇಳ್ತಿದಾರೆ. ಬೇಡ ಅಂದ್ರೂ ಕೇಳಲ್ಲ. ಪ್ರತಿ ಮನೇಲೂ ಇದೇ."

ಆಫೀಸ್ ಮುಚ್ಚುವ ಹೊತ್ತಿಗೆ ಮಾವ ವಾಪಸ್ ಬಂದರು. ಅಂಗಿಯ ಇಸ್ತ್ರಿ ಹೋಗಿತ್ತು, ಮೊಣಕಾಲಿಗೆ ಸೋಪಿನ ಕಲೆ. ಮೀಟರನ್ನು ಮೇಜಿನ ಮೇಲಿಟ್ಟು, ಅದರ ದಾರವನ್ನು ನೀಟಾಗಿ ಸುತ್ತಿದರು. ಹಸಿರುಗಳ ನಡುವೆ ಒಂದೇ ಕೆಂಪು ಚೌಕವಿದ್ದ ಪರದೆಯ ಕಡೆ ಒಮ್ಮೆ ನೋಡಿದರು.

"ನಿಮ್ಮತ್ತೆಗೆ ಇವತ್ತು ಹೇಳ್ತೀನಿ," ಅಂದರು. ಆಮೇಲೆ, "ಇನ್ನು ಎಷ್ಟು ಮನೆ ಉಳೀತು?"

"ನೂರಾ ಒಂಬತ್ತು."

ಮಾವ ತಲೆಯಾಡಿಸಿದರು. ಬಾಗಿಲವರೆಗೆ ಹೋಗಿ ನಿಂತರು.

"ನಾಳೆ ಎಷ್ಟು ಗಂಟೆಗೆ ಬರ್ಲಿ ಪುಟ್ಟಿ?"