ಒಳಗೂ ಬೆಂದಿದೆಯಾ
ತಣ್ಣಗಿದೆ, ಬೆರಳು ಮರಗಟ್ಟುವಷ್ಟು ತಣ್ಣಗಿದೆ ಮಾಂಸ, ಹೀಗೇ ಇರಬೇಕು, ಕೊಬ್ಬು ಈಗಲೇ ಕರಗಬಾರದು, ಅಂಗಡಿಯವರು ಅರೆದಿಟ್ಟದ್ದನ್ನು ನಾನು ಮುಟ್ಟಲಿಲ್ಲ, ದನದ ಭುಜದ ಇಡೀ ತುಂಡು ತಂದು ನಾನೇ ಯಂತ್ರಕ್ಕೆ ಹಾಕಿ ತಿರುವಿದೆ, ಯಂತ್ರವನ್ನು ಕುದಿನೀರಲ್ಲಿ ತೊಳೆದೆ, ಮತ್ತೆ ತೊಳೆದೆ, ಕಣ್ಣಿಗೆ ಕಾಣದ್ದನ್ನು ಎಷ್ಟು ಅಂತ ತೊಳೆಯುವುದು — ಅಷ್ಟು ನಾದಬೇಡ ಜನೆಲ್, ಗಟ್ಟಿಯಾಗಿಬಿಡುತ್ತೆ, ಎನ್ನುತ್ತಾರೆ ಅತ್ತೆ ಆರ್ಲೀನ್, ಬಾಗಿಲಲ್ಲೇ ನಿಂತು, ನಾಲ್ಕು ವರ್ಷದ ಮೇಲೆ ಈ ಮನೆಗೆ ಬಂದವರು, ಅಡುಗೆಮನೆಯೊಳಗೆ ಬನ್ನಿ ಅಂತ ನಾನು ಹೇಳಲಿ ಎಂದು ಕಾಯುತ್ತಿದ್ದಾರೆ, ನಾನು ಹೇಳಿಲ್ಲ. ಕರೆದವಳು ನಾನಲ್ಲ, ಮಗಳು ಬ್ರಿನ್. ನಂಗೆ ಹತ್ತು ತುಂಬುತ್ತೆ ಅಮ್ಮ, ಕೇಕ್ ಬೇಡ, ಬರ್ಗರ್ ಬೇಕು, ಅಜ್ಜಿನೂ ಬರ್ಬೇಕು. ಎಲ್ಲರ ಮಕ್ಕಳೂ ತಿನ್ನುತ್ತಾರೆ, ಈ ನೆಬ್ರಾಸ್ಕಾದಲ್ಲಿ ಬರ್ಗರ್ ತಿನ್ನದ ಮಗು ಎಲ್ಲಿದೆ, ನನ್ನ ಮಗಳು ಮಾತ್ರ ಗೆಳತಿಯರ ಹುಟ್ಟುಹಬ್ಬದಲ್ಲಿ ನಾನು ಕಟ್ಟಿಕೊಟ್ಟ ಡಬ್ಬಿ ತೆರೆಯುತ್ತಾಳೆ. ನಾಲ್ಕು ವರ್ಷದ ಹಿಂದಿನ ಆ ಜುಲೈನಲ್ಲಿ ಅತ್ತೆಯ ಹಿತ್ತಲಲ್ಲಿ ಕೆಂಡದ ಹೊಗೆ, ಕಾಗದದ ತಟ್ಟೆ ಹಿಡಿದ ಆರು ವರ್ಷದ ಬ್ರಿನ್, ಅವಳು ಕಚ್ಚಿದ ಬರ್ಗರಿನ ನಡುವೆ ಹಸಿ ಗುಲಾಬಿ ಬಣ್ಣ — ನಾನು ಅಲ್ಲಿರಲೇ ಇಲ್ಲ, ಕೆಲಸಕ್ಕೆ ಹೋಗಿದ್ದೆ, ಆದರೂ ನೋಡಿದವಳ ಹಾಗೆ ಕಾಣುತ್ತದೆ. ಕೆಲವೇ ದಿನಕ್ಕೆ ಹೊಟ್ಟೆನೋವು, ರಕ್ತ, ಆಸ್ಪತ್ರೆ, ಊಟದಲ್ಲಿ ಬಂದ ರೋಗಾಣು, ಮೂತ್ರಪಿಂಡಗಳು ನಿಂತುಹೋಗಿವೆ ಎಂದ ವೈದ್ಯೆ, ಯಾವ ಊಟದಿಂದ ಅಂತ ಖಚಿತವಾಗಿ ಹೇಳೋಕಾಗಲ್ಲಮ್ಮ ಎಂದವಳೂ ಅವಳೇ. ಒಳಗೂ ಬೆಂದಿತ್ತು, ನಾನೇ ನೋಡಿದ್ದೆ, ಎಂದು ಅಳುತ್ತಿದ್ದ ಅತ್ತೆಗೆ ಎಲ್ಲರೆದುರು ಹೇಳಿದೆ, ಇನ್ಮೇಲೆ ನಮ್ಮನೆಗೆ ಬರಬೇಡಿ.

ಉಂಡೆ ತಟ್ಟಿ ಚಪ್ಪಟೆ ಮಾಡು, ನಡುವೆ ಹೆಬ್ಬೆರಳಿಂದ ಕುಳಿ ಒತ್ತು, ಉಬ್ಬುವುದಿಲ್ಲ, ಉಪ್ಪು ಈಗ, ಹೊರಗೆ ಮಾತ್ರ, ಕಬ್ಬಿಣದ ಕಾವಲಿ ಹೊಗೆಯಾಡುತ್ತಿದೆ, ಹಾಕಿದೆ, ಚುರ್ರೆಂದಿತು. ವಾಸನೆ ಎಷ್ಟು ಒಳ್ಳೆಯದು, ಇದೇ ಹೆದರಿಕೆ, ಕೆಟ್ಟದ್ದಕ್ಕೂ ಇದೇ ವಾಸನೆ ಇದ್ದಿರಬೇಕು. ಮಗುಚಿದೆ. ತಾಪ ನೋಡುವ ಕಡ್ಡಿ ಚುಚ್ಚಿದೆ, ನೂರ ಅರವತ್ತು ಫ್ಯಾರನ್‌ಹೀಟ್, ಸಾಕು, ಕಡ್ಡಿಯೇ ಕೆಟ್ಟಿದ್ದರೆ, ಇನ್ನೊಂದು ಕಡೆ ಚುಚ್ಚಿದೆ, ಮತ್ತೊಂದು ಕಡೆ, ರಸ ಸೋರುತ್ತಿದೆ. ಆ ದನ ಇನ್ನೊಂದ್ಸಲ ಸಾಯಲ್ಲ ಕಣೆ, ಇಳಿಸು, ಎಂದು ನಡುಮನೆಯಿಂದ ನನ್ನ ಗಂಡ ಕರ್ಟ್, ಫುಟ್‌ಬಾಲ್ ಪಂದ್ಯದ ಗಲಾಟೆಯ ನಡುವೆ, ಹಗುರಾಗಿ ಮಾತಾಡಿದರೆ ಹೆದರಿಕೆ ಹೋಗುತ್ತದೆ ಅವನಿಗೆ, ಅಥವಾ ಹೋಗುವುದಿಲ್ಲವೋ, ಟಿವಿಯ ಸದ್ದು ಈಗ ತಗ್ಗಿತು. ಯಾರೋ ನನ್ನ ಮಣಿಕಟ್ಟು ಹಿಡಿದರು. ಅತ್ತೆ, ಒಳಗೆ ಬಂದುಬಿಟ್ಟಿದ್ದಾರೆ. ಸಾಕು ಚುಚ್ಚಿದ್ದು. ಮೊದಲ್ನೇದು ನಂಗೆ ಕೊಡು. ಕೊಯ್ದೆ, ನಡುವಿನವರೆಗೂ ಕಂದು, ಬೆಣ್ಣೆ ಹಚ್ಚಿ ಕಾಯಿಸಿದ ಬನ್ನಿನೊಳಗಿಟ್ಟೆ, ಈರುಳ್ಳಿ, ಚೀಸ್, ಅದನ್ನು ಅವರು ನಿಂತಲ್ಲೇ ಕಚ್ಚಿದರು. ಅವತ್ತಿಂದ ನಾನೂ ಇದನ್ನ ಬಾಯಿಗಿಟ್ಟಿಲ್ಲ ಜನೆಲ್. ನನಗೆ ಗೊತ್ತಿರಲಿಲ್ಲ, ಯಾರೂ ಹೇಳಲಿಲ್ಲ, ಕಾಲಿನಿಂದ ಕುರ್ಚಿ ಎಳೆದೆ, ಕೂತ್ಕೊಳ್ಳಿ ಅತ್ತೆ, ನಿಂತು ತಿನ್ಬೇಡಿ. ಉಳಿದವನ್ನೂ ಬನ್ನಿನೊಳಗಿಟ್ಟು ತಟ್ಟೆಗೆ ಹಾಕಿ ನಾನೂ ಪಕ್ಕದಲ್ಲಿ ಕೂತೆ.

ಆದರೆ ಅವರು ತಿಂದದ್ದರಿಂದ ಏನು ತಿಳಿಯಿತು, ಆ ಕಾಯಿಲೆ ಇವತ್ತೇ ಬರುವುದಿಲ್ಲ, ಮುಂದಿನ ವಾರವೆಲ್ಲ ಬ್ರಿನ್ ಒಳಗಿರುವಾಗ ಬಚ್ಚಲಿನ ಬಾಗಿಲ ಹೊರಗೆ ಕಿವಿಗೊಟ್ಟು ನಿಲ್ಲುತ್ತೇನೆ, ನಿಲ್ಲುತ್ತೇನೆ ಅಂತ ಈಗಲೇ ಗೊತ್ತಿದೆ. ನಂದು ಎಲ್ಲಿ, ಎಂದು ಬಂದಳು ಬ್ರಿನ್, ತಟ್ಟೆಯಿಂದ ತಾನೇ ಎತ್ತಿಕೊಂಡಳು, ಎರಡೂ ಕೈಯಲ್ಲಿ, ತಡಿ ಅನ್ನಲು ಬಾಯಿ ತೆರೆದೆ, ಅತ್ತೆ ಮೇಜಿನ ಕೆಳಗೆ ನನ್ನ ಕೈ ಹಿಡಿದರು, ಬಿಡಿಸಿಕೊಳ್ಳಲಿಲ್ಲ. ಕಚ್ಚಿದಳು. ಅಗಿಯುತ್ತಿದ್ದಾಳೆ, ಕಣ್ಣು ಮುಚ್ಚಿದ್ದಾಳೆ, ಕುತ್ತಿಗೆಯಲ್ಲಿ ಆಗ ರಕ್ತ ಶುದ್ಧಮಾಡಲು ಕೊಳವೆ ಹಾಕಿದ್ದ ಜಾಗದ ಗುರುತು, ಬೆಳ್ಳಗೆ, ಉಗುರಿನಷ್ಟು, ನುಂಗಿದಾಗ ಮೇಲೇರುತ್ತದೆ, ಇಳಿಯುತ್ತದೆ, ಚೆನ್ನಾಗಿದೆ ಅಮ್ಮ, ಇನ್ನೊಂದು ತುತ್ತು, ಆ ಗುರುತು ಮೇಲೇರುತ್ತದೆ, ಇಳಿಯುತ್ತದೆ, ಇನ್ನೊಂದು, ಮೇಲೇರುತ್ತದೆ —