ಹತ್ತು ನಿಮಿಷದ ಗಡುವು

ಮಿಲಿಂದನನ್ನು ಕೆಲಸಕ್ಕೆ ತೆಗೆದುಕೊಳ್ಳಿ ಎಂದು ಶಿಫಾರಸು ಮಾಡಿದವಳು ನಾನೇ. ಆದ್ದರಿಂದ ಈ ಹೊಟ್ಟೆಯುರಿಯನ್ನು ನಾನು ಕೈಯಾರೆ ತಂದುಕೊಂಡೆ ಎನ್ನಬೇಕು. ಹೈದರಾಬಾದಿನ ಕೊಂಡಾಪುರದಲ್ಲಿ ನಮ್ಮ ಮಾತ್ರೆ ಕಂಪನಿಯ ಕಚೇರಿ. ಮಾತ್ರೆ ತಯಾರಾಗುವುದು ಪಟಾನ್‌ಚೆರುವಿನ ಕಾರ್ಖಾನೆಯಲ್ಲಿ. ಎರಡೂ ಕಡೆಯ ನೆಟ್‌ವರ್ಕ್ ನೋಡಿಕೊಳ್ಳುವವಳು ಹದಿಮೂರು ವರ್ಷದಿಂದ ನಾನು, ಕಮಲಾಕ್ಷಿ. ಮಿಲಿಂದ ಬೀದರಿನಿಂದ ಬಂದವನು, ಕನ್ನಡ ಮಾತಾಡಲು ಒಬ್ಬನಾದರೂ ಇರಲಿ ಎಂದು ಅವನಿಗೆ ಪಕ್ಕದ ಮೇಜು ಕೊಡಿಸಿದೆ. ರೂಟರಿನ ಅಆಇಈ ಕಲಿಸಿದೆ. ಎರಡೇ ವರ್ಷಕ್ಕೆ ಮ್ಯಾನೇಜರ್ ರಾಮಕೃಷ್ಣ ಸಾರ್ ಬಾಗಿಲಲ್ಲಿ ನಿಂತು, "ಮಿಲಿಂದ್ ಎಕ್ಕಡ?" ಎಂದು ತೆಲುಗಿನಲ್ಲಿ ಅವನನ್ನೇ ಹುಡುಕತೊಡಗಿದರು. ನಾನು ಅಲ್ಲೇ ಕೂತಿರುತ್ತಿದ್ದೆ. ಮುಂಚೆ ಬಂದ ಕಿವಿಗಿಂತ ಆಮೇಲೆ ಬಂದ ಕೊಂಬೇ ಹೆಚ್ಚಾಯಿತು.

ಹೋದ ತಿಂಗಳು ತಪಾಸಣೆಗೆ ಬಂದವರು, ಪಟಾನ್‌ಚೆರುವಿನ ರೂಟರಿಗೆ ಯಾರು ಬೇಕಾದರೂ ಎಲ್ಲಿಂದ ಬೇಕಾದರೂ ಲಾಗಿನ್ ಆಗಲು ಯತ್ನಿಸಬಹುದು, ಇದು ಅಪಾಯ ಎಂದು ಬರೆದುಹೋದರು. ಸರಿಪಡಿಸುವ ಕೆಲಸ ಮಿಲಿಂದನಿಗೆ ಹೋಯಿತು. ಇದೊಂದು ಚೆನ್ನಾಗಿ ಮುಗಿದರೆ ಅವನೇ ಟೀಮ್ ಲೀಡ್ ಎಂದು ಸಾರ್ ನನಗೇ ಹೇಳಿದರು, ಸಿಹಿ ಸುದ್ದಿ ಹೇಳುವವರ ಹಾಗೆ. ಆ ಜಾಗಕ್ಕಾಗಿ ನಾನು ನಾಲ್ಕು ವರ್ಷ ಕಾದಿದ್ದೆ.

ಕೆಲಸ ಇಷ್ಟೇ: ರೂಟರಿನೊಳಗೆ ಬರಬಹುದಾದ ಕಂಪ್ಯೂಟರುಗಳ ವಿಳಾಸಗಳ, ಅಂದರೆ ಅಂಕಿಗಳ, ಪಟ್ಟಿ ಕೊಟ್ಟು, ಉಳಿದವರಿಗೆಲ್ಲ ಬಾಗಿಲು ಹಾಕುವುದು. ಪಟ್ಟಿಯಲ್ಲಿ ನಮ್ಮ ವಿಳಾಸವೇ ತಪ್ಪಿದರೆ ನಾವೂ ಹೊರಗೆ. ಕೇಬಲ್ ಹಿಡಿದು ಪಟಾನ್‌ಚೆರುವಿಗೇ ಓಡಬೇಕು. ಅದನ್ನು ತಪ್ಪಿಸಲು ಎರಡು ಉಪಾಯಗಳಿವೆ. ಒಂದು, ಹತ್ತು ನಿಮಿಷದ ಗಡುವು: ಅಷ್ಟರೊಳಗೆ ನಾವು ಸರಿ ಅನ್ನದಿದ್ದರೆ ರೂಟರ್ ತಾನೇ ಹಳೆಯ ಸ್ಥಿತಿಗೆ ಮರಳುತ್ತದೆ. ಇನ್ನೊಂದು ನಾನು ತಂದ ಪದ್ಧತಿ: ಒಬ್ಬರು ಬರೆದ ಪಟ್ಟಿಯನ್ನು ಇನ್ನೊಬ್ಬರು ಸಾಲು ಸಾಲಾಗಿ ಗಟ್ಟಿಯಾಗಿ ಓದಿ ಸಹಿ ಹಾಕಬೇಕು. ನಾನು ಓದಿದ ದಿನ ಮಿಲಿಂದ ಗಡುವು ಹಾಕುತ್ತಲೇ ಇರಲಿಲ್ಲ.

"ಅಕ್ಕಾರು ಓದ್ಯಾರಂದ್ರ ಮುಗೀತು, ಗಡುವು ಯಾಕ ಬೇಕ್ರಿ?" ಎನ್ನುತ್ತಿದ್ದ. ನಾನು ಬೈಯುತ್ತಿದ್ದೆ. ಒಳಗೊಳಗೇ ಉಬ್ಬುತ್ತಿದ್ದೆ.

ಬುಧವಾರ ಹನ್ನೊಂದಕ್ಕೆ ಪಟ್ಟಿಯನ್ನು ನನ್ನ ಮುಂದಿಟ್ಟ. ಮೂರನೆಯ ಸಾಲಿನ ತಪ್ಪು ತಟ್ಟನೆ ಕಣ್ಣಿಗೆ ಬಿತ್ತು. ನಾವು ಮೂರನೇ ಮಹಡಿಯಿಂದ ಐದನೆಯದಕ್ಕೆ ಬಂದು ಹದಿನೈದು ದಿನವಾಗಿತ್ತು, ನಮ್ಮ ಕಂಪ್ಯೂಟರುಗಳ ವಿಳಾಸ ಬದಲಾಗಿತ್ತು. ಅವನು ಬರೆದದ್ದು ಹಳೆಯದು.

ಹೇಳಲು ಬಾಯಿ ತೆರೆದೆ. ಆಗಲೇ ಸಾರ್ ಗಾಜಿನ ಆಚೆಯಿಂದ ಅವನಿಗೆ ಹೆಬ್ಬೆರಳೆತ್ತಿ ತೋರಿಸಿ ನಕ್ಕರು. ನನ್ನ ಮೈಯೆಲ್ಲ ಉರಿದುಹೋಯಿತು. ಸುಮ್ಮನೆ ಕಣ್ಣಾಡಿಸಿ ಸಹಿ ಹಾಕಿಬಿಟ್ಟೆ.

"ಓದಂಗಿಲ್ಲೇನ್ರಿ ಅಕ್ಕಾರ?"

"ಗಂಟಲು ಕಟ್ಟೈತಿ. ಎಲ್ಲಾ ಸರಿ ಐತಿ, ಹಾಕು."

ಅವನು ಒಂದು ಗಳಿಗೆ ನನ್ನ ಮುಖ ನೋಡಿ ಕೀಬೋರ್ಡಿನತ್ತ ತಿರುಗಿದ. ನಾನು ಚಹಾದ ನೆಪದಲ್ಲಿ ಎದ್ದುಹೋದೆ. ಮರಳುವಷ್ಟರಲ್ಲಿ ಅವನ ಸ್ಕ್ರೀನ್ ಸ್ತಬ್ಧವಾಗಿತ್ತು. ಕಾರ್ಖಾನೆಯ ಕೆಲಸ ನಡೆದೇ ಇತ್ತು. ಬಾಗಿಲು ಮುಚ್ಚಿದ್ದು ನಮಗೆ ಮಾತ್ರ. ಆಗ ನನಗಾದ ಖುಷಿ ಹೇಳಲು ಈಗ ನಾಚಿಕೆಯಾಗುತ್ತದೆ. ಇನ್ನು ಇವನು ಟ್ರಾಫಿಕ್ಕಿನಲ್ಲಿ ಬೆವರಲಿ, ಸಾರ್ ನನ್ನ ಮೇಜಿಗೇ ಬರಲಿ ಎಂದುಕೊಂಡೆ. ಸಹಿ ನನ್ನದೂ ಇತ್ತು ನಿಜ. ಕಣ್ತಪ್ಪು ಎಂದರಾಯಿತು, ಬರೆದವನು ಅವನಲ್ಲವೇ?

"ಕಾರ್ ಬುಕ್ ಮಾಡ್ಲೇನು?" ನಾನೇ ಕೇಳಿದೆ.

"ಬ್ಯಾಡ್ರಿ. ಹತ್ತು ನಿಮಿಷ ಕೂಡ್ರಿ." ಡಬ್ಬಿ ತೆರೆದು ಶೇಂಗಾ ಹೋಳಿಗೆಯನ್ನು ನನ್ನತ್ತ ಸರಿಸಿದ. "ಗಡುವು ಹಾಕೀನಿ."

ಹೋಳಿಗೆ ಮುರಿದು ಕೈಯಲ್ಲೇ ಹಿಡಿದು, ಗಡಿಯಾರ ನೋಡುತ್ತ ಕೂತೆ. ಹತ್ತು ನಿಮಿಷಕ್ಕೆ ಸರಿಯಾಗಿ ರೂಟರ್ ನಮಗೆ ಬಾಗಿಲು ತೆರೆಯಿತು. ಅವನು ಮೂರನೆಯ ಸಾಲನ್ನು ತಾನೇ ಹುಡುಕಿ ತಿದ್ದಿದ.

"ನಾ ನೋಡಿದ್ದಕ್ಕ ನೀ ಗಡುವು ಹಾಕಂಗಿಲ್ಲಲ್ಲ?" ಎಂದೆ. ಕೇಳಬಾರದಿತ್ತು.

"ಇವತ್ತು ನೀವು ಓದಲಿಲ್ಲಲ್ರಿ." ದನಿಯಲ್ಲಿ ಸಿಟ್ಟಿರಲಿಲ್ಲ. "ಗಂಟಲು ಕಟ್ಟೈತಿ ಅಂದ್ರಿ. ಮುಂಜಾನಿಂದ ಫೋನಿನ್ಯಾಗ ಭಾಳ ಜೋರ ಮಾತಾಡಾಕತ್ತಿದ್ರಿ."

ಅಷ್ಟರಲ್ಲಿ ಸಾರ್ ಬಂದು ತಡ ಯಾಕೆಂದು ಕೇಳಿದರು. "ಗಲತಿ ಮೇರಿ ಹೈ ಸಾರ್, ಪುರಾನಾ ನಂಬರ್ ಡಾಲ್ ದಿಯಾ," ಎಂದು ಹಳೆಯ ನಂಬರ್ ಹಾಕಿದ ತಪ್ಪನ್ನು ಹಿಂದಿಯಲ್ಲಿ ತಾನೇ ಹೊತ್ತುಕೊಂಡ ಮಿಲಿಂದ. ನನ್ನ ಹೆಸರು ಎತ್ತಲೇ ಇಲ್ಲ. ಗಡುವು ಹಾಕಿದ್ದಕ್ಕೆ ಸಾರ್ ಅವನ ಬೆನ್ನು ತಟ್ಟಿ ಹೋದರು. ಅವನು ನನ್ನನ್ನು ಅವರೆದುರೇ ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ತಿದ್ದಿದ ಪಟ್ಟಿಯನ್ನು ಮತ್ತೆ ನನ್ನ ಮುಂದಿಟ್ಟ. ಈ ಸಲ ಬೆರಳಿಟ್ಟು, ಒಂದೊಂದೇ ಅಂಕಿ, ಗಟ್ಟಿಯಾಗಿ ಓದಿದೆ. ಪಕ್ಕದ ಸಾಲಿನವರೂ ತಿರುಗಿ ನೋಡಿದರು. ಏಳೂ ಸಾಲು ಸರಿಯಿದ್ದವು. ಸಹಿ ಹಾಕಿ, "ಇನ್ನ ಹಾಕು ಮಿಲಿಂದ," ಎಂದೆ.

"ಹೂಂರಿ ಅಕ್ಕಾರ," ಎಂದ. ಮೊದಲು ಹತ್ತು ನಿಮಿಷದ ಗಡುವು ಹಾಕಿದ, ಆಮೇಲೆ ಪಟ್ಟಿ.